ಏಕಾದಶಿ ಮಾಡುವ ರಾಕ್ಷಸ

ಮೊನ್ನೆ ಅಟ್ಟದಿಂದ ಹಳೆಯ ಟ್ರಂಕು ಇಳಿಸಿದಾಗ ಆ ಡಬ್ಬಿ ಸಿಕ್ಕಿತು. ಮಗಳು ಮುಚ್ಚಳದ ಮೇಲಿನ ಚಿತ್ರದ ಫೋಟೊ ತೆಗೆದು ಫೋನಿನಲ್ಲಿ ಏನೇನೋ ಹುಡುಕಿದಳು. ಇದು ದೇಶವಿದೇಶಗಳಲ್ಲಿ ಹೆಸರಾದ ಆಟ, ಈಗ ಮತ್ತೆ ಹೊಸದಾಗಿ ಮಾರಾಟಕ್ಕೆ ಬಂದಿದೆ, ಮಕ್ಕಳಲ್ಲ, ಗಡ್ಡ ಬಂದವರು ಕೂತು ಆಡುತ್ತಾರೆ ಎಂದು ವರದಿ ಒಪ್ಪಿಸಿದಳು. ಆಡಿದವರದೆಲ್ಲ ಒಂದೇ ದೂರಂತೆ. ಒಂದಾಟ ಮುಗಿಯಬೇಕಾದರೆ ನಾಲ್ಕೈದು ತಾಸು ಹಿಡಿಯುತ್ತದೆ, ಅಷ್ಟು ಹೊತ್ತು ಕೂಡುವ ವ್ಯವಧಾನ ಈಗ ಯಾರಿಗಿದೆ ಎಂದು. ನನಗೆ ನಗು ತಡೆಯಲಾಗಲಿಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಅದರ ಮೊದಲನೆಯ ಆಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಯುಗಾದಿಗೂ ಮುಗಿದಿರಲಿಲ್ಲ. ಯಾರೂ ದೂರು ಹೇಳಿರಲಿಲ್ಲ.

ಆಟ ಹೀಗಿದೆ. ಬಿಚ್ಚಿ ಹಾಸಿದರೆ ಅರ್ಧ ಜಮಖಾನದಷ್ಟು ಅಗಲದ ರಟ್ಟಿನ ನಕ್ಷೆ. ನಾಲ್ಕು ಮೂಲೆಗೆ ನಾಲ್ಕು ಊರು, ನಡುವೆ ಕಾಡು, ಕೆಸರು, ಒಂದು ಹೊಳೆ, ಎಲ್ಲಕ್ಕೂ ಮಧ್ಯದಲ್ಲಿ ಒಂದು ಬೆಟ್ಟ. ಬೆಟ್ಟದ ಮೇಲೆ ರೆಕ್ಕೆಯ ಹಾವೊಂದು ಮಲಗಿದೆ, ಅದರ ಹೊಟ್ಟೆಯ ಕೆಳಗೆ ಒಂದು ದೀಪ. ಕೊಡಲಿ ಹಿಡಿದ ಕುಳ್ಳ, ರಾಕ್ಷಸ, ಸಾಧು ಹೀಗೆ ಒಬ್ಬೊಬ್ಬರು ಒಂದೊಂದು ಪ್ಲಾಸ್ಟಿಕ್ ಗೊಂಬೆ ಆರಿಸಿಕೊಂಡು, ನಮ್ಮ ನಮ್ಮ ಊರಿನಿಂದ ಹೊರಟು, ದಾಳ ಬಿದ್ದಷ್ಟು ಮನೆ ನಡೆದು, ಚೀಟಿ ಎತ್ತಿದಾಗ ಸಿಕ್ಕಿದ ಭೂತ ಪಿಶಾಚಿಗಳ ಜೊತೆ ಗುದ್ದಾಡಿ, ದೀಪ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಗೆದ್ದಂತಲ್ಲ. ಅದನ್ನು ಹಿಡಿದು ಮತ್ತೆ ನಮ್ಮ ಊರು ಮುಟ್ಟಬೇಕು. ದಾರಿಯಲ್ಲಿ ಇನ್ನೊಬ್ಬರು ಅಡ್ಡಗಟ್ಟಿ ಕಸಿದುಕೊಳ್ಳಬಹುದು. ಆಟ ಮುಗಿಯದಿರುವುದಕ್ಕೆ ಈ ಒಂದು ನಿಯಮ ಸಾಕು.

ಇಂಥದ್ದು ನಮ್ಮ ಮನೆಗೆ ಬಂದದ್ದು ಹಂಪಿಯಿಂದ. ಅತ್ತೆಯ ತಮ್ಮ ಅಲ್ಲಿ ಒಂದು ಸಣ್ಣ ಗುಡಿಯ ಪೂಜೆ ಮಾಡಿಕೊಂಡಿದ್ದರು. ಬೆಳಿಗ್ಗೆ ದೇವರಿಗೆ ಅಭಿಷೇಕ ಮುಗಿಸಿ, ಪಂಚೆ ಬದಲಿಸಿ, ಹಿತ್ತಲಿನ ಎರಡು ಕೋಣೆಗಳಲ್ಲಿ ಇಳಿದುಕೊಂಡ ಫಾರಿನ್ನಿನವರಿಗೆ ತಮ್ಮ ಕೈಯಾರೆ ಬನಾನಾ ಪ್ಯಾನ್‌ಕೇಕು ಮಾಡಿಕೊಡುತ್ತಿದ್ದರು. ಎರಡೂ ಸೇವೆಯೇ ಎನ್ನುತ್ತಿದ್ದರು. ಒಂದು ಬೇಸಿಗೆ ಅಲ್ಲಿದ್ದ ಜೋಡಿಯೊಂದು ಬಿಸಿಲಿಗೆ ಬೆದರಿ ಗಂಟು ಹಗುರ ಮಾಡಿಕೊಂಡು ಓಡಿಹೋಯಿತು. ಅವರು ಬಿಟ್ಟುಹೋದ ಈ ಡಬ್ಬಿ ತೂಕದ ಮೇಲಿಂದಲೇ ಬೆಲೆ ಬಾಳುವ ಸಾಮಾನು ಎಂದು ತೀರ್ಮಾನಿಸಿ, ಅಕ್ಕನಿಗೆ ಉಡುಗೊರೆಯಾಗಿ ತಂದುಕೊಟ್ಟರು. ಅತ್ತೆ ಒಳಗಿನ ಕೊಂಬು, ಬಾಲ, ಕೋರೆಹಲ್ಲುಗಳನ್ನು ನೋಡಿ ಇದನ್ನು ದೇವರ ಮನೆಯಿಂದ ಎಷ್ಟು ದೂರ ಇಡಲು ಸಾಧ್ಯವೋ ಅಷ್ಟು ದೂರ ಇಡು ಎಂದರು. ಹಾಗೆ ಅದು ಬೀದಿ ಕಡೆಯ ಸಣ್ಣ ಕೋಣೆ ಸೇರಿತು. ತಿಂಗಳಿಗೆ ಮೂರು ದಿನ ಅದೇ ಕೋಣೆಗೆ ನಾನೂ ಸೇರುತ್ತಿದ್ದೆ.

ನಮ್ಮದು ವೈಷ್ಣವರ ಮನೆ. ಮಾವ ತೀರಿಕೊಂಡ ಮೇಲೆ ಅತ್ತೆಯ ಮಡಿ ಇಮ್ಮಡಿಯಾಗಿತ್ತು. ಹೊರಗೆ ಕೂಡುವುದೆಂದರೆ ಸುಮ್ಮನೆ ಮಾತಿಗಲ್ಲ. ಒಂದು ಚಾಪೆ, ಒಂದು ಕಂಬಳಿ, ಬೇರೆ ತಟ್ಟೆ, ಬೇರೆ ಲೋಟ. ಹಾಲಿನಲ್ಲಿದ್ದ ಟಿ.ವಿ. ಅಲ್ಲಿಂದ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಧಾರಾವಾಹಿಯಲ್ಲಿ ಯಾರು ಅಳುತ್ತಿದ್ದಾರೆ ಎಂಬುದನ್ನು ಅಳುವ ದನಿಯಿಂದಲೇ ಗುರುತಿಸುವ ವಿದ್ಯೆ ನನಗೆ ಕರಗತವಾಗಿತ್ತು. ಪುಸ್ತಕ ಮುಟ್ಟುವ ಹಾಗಿಲ್ಲ, ಸರಸ್ವತಿ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಮೇಲೊಂದು ಬಿ.ಎಡ್. ಕೂಡ. ಕಂಪ್ಲಿಯ ನನ್ನ ತವರಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಗಂಡನ ಮನೆಯಲ್ಲಿಯೂ ಹೆಮ್ಮೆಯಿಂದಲೇ ಹೇಳುತ್ತಿದ್ದರು, ಬಂದವರಿಗೆ ನಾನು ಕಾಫಿ ಕೊಡುವಾಗ.

ಅದು ಮಣ್ಣಿಗೆ ಬೆಲೆ ಬಂದಿದ್ದ ಕಾಲ. ಸೊಂಡೂರಿನ ಗುಡ್ಡಗಳನ್ನು ಕೆತ್ತಿ ಕಬ್ಬಿಣದ ಅದಿರು ತುಂಬಿಕೊಂಡ ಲಾರಿಗಳು ನಮ್ಮ ಬೀದಿಯ ತುದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಕಂಪ್ಲಿ ಕಡೆ ಕಬ್ಬು ಬೆಳೆಯುತ್ತಿದ್ದವರನ್ನು ಒಂದು ವರ್ಷ ಬಿಟ್ಟು ನೋಡಿದರೆ ಲಾರಿ ಮಾಲೀಕರಾಗಿ, ಕೊರಳಿಗೆ ಎತ್ತಿಗೆ ಹಾಕುವಷ್ಟು ದಪ್ಪನೆಯ ಸರ ಹಾಕಿಕೊಂಡಿರುತ್ತಿದ್ದರು. ನಮ್ಮ ಎದುರು ಮನೆಯವರು ಒಂದೇ ಮಹಡಿಯ ಮನೆಗೆ ಲಿಫ್ಟು ಹಾಕಿಸಿದರು. ಕರೆಂಟು ಹೋದಾಗ ಅದರೊಳಗೆ ಸಿಕ್ಕಿಬಿದ್ದ ಮನೆಯ ಯಜಮಾನರನ್ನು ಬೀದಿಯವರೆಲ್ಲ ಸೇರಿ ಎಳೆದು ತೆಗೆದದ್ದುಂಟು. ನನ್ನ ಗಂಡ ಮಾತ್ರ ಎಂದಿನಂತೆ ಸ್ಕೂಟರಿನಲ್ಲಿ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿಗೆ ಹೋಗಿ ನೀರು ಬಿಟ್ಟು, ನೀರು ನಿಲ್ಲಿಸಿ ಬರುತ್ತಿದ್ದರು. ಊರು ಅಷ್ಟು ಶ್ರೀಮಂತವಾದಾಗ ನಮ್ಮ ಪಾಲಿಗೆ ಬಂದದ್ದು ಧೂಳು. ಅತ್ತೆ ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಕೋಲಿನಿಂದ ಹರವಿದ ಮಡಿಸೀರೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಧೂಳು ಎಂದರೆ ಭೂಮಿ, ಭೂಮಿಗೆ ಮೈಲಿಗೆಯಿಲ್ಲ ಎಂದು ಅವರೇ ಒಂದು ತೀರ್ಪು ಕೊಟ್ಟುಕೊಂಡು ಆ ಸೀರೆಯನ್ನೇ ಉಡುತ್ತಿದ್ದರು.

ಕೋಣೆಯಲ್ಲಿ ಕೂತು ಕೂತು ತಲೆ ಕೆಟ್ಟು ಒಂದು ದಿನ ಆ ಡಬ್ಬಿ ತೆಗೆದೆ. ಒಳಗೆ ಇಂಗ್ಲಿಷಿನಲ್ಲಿ ದಪ್ಪನೆಯ ನಿಯಮಪುಸ್ತಕ. ಅದೂ ಪುಸ್ತಕವೇ, ಆದರೆ ಅದರ ಮೇಲೆ ಕೋರೆಹಲ್ಲಿನ ಚಿತ್ರವಿದ್ದುದರಿಂದ ಸರಸ್ವತಿ ಅಲ್ಲಿ ಇರಲಾರಳು ಎಂದು ಅತ್ತೆ ಸುಮ್ಮನಿದ್ದರು. ನಕ್ಷೆ ಹಾಸಿ ನಾನೇ ಇಬ್ಬರ ಆಟವನ್ನೂ ಆಡತೊಡಗಿದೆ. ಅತ್ತೆ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ಎರಡು ದಿನ ಕಣ್ಣಂಚಿನಲ್ಲಿ ನೋಡಿದರು. ಮೂರನೆಯ ದಿನ ಆ ಕುಳ್ಳನ್ನ ಯಾಕ ಹೊಳಿ ದಾಟಸ್ತಿ, ಅವನ ಕೊಡಲಿ ಆಚೆ ಉಳದದ ಎಂದರು. ನೋಡಿದರೆ ನಿಜ. ಮದುವೆಗೆ ಮುಂಚೆ ಚೌಕಾಬಾರದಲ್ಲಿ ಅವರದು ಎತ್ತಿದ ಕೈಯಂತೆ. ಈ ಮನೆಗೆ ಬಂದ ಮೇಲೆ ಕವಡೆ ಮುಟ್ಟಿರಲಿಲ್ಲ, ಯಾರೂ ಆಡು ಎಂದಿರಲಿಲ್ಲ.

ಮುಂದಿನ ತಿಂಗಳು ಅವರಿಗೆ ಆಡಬೇಕೆನಿಸಿತ್ತು. ಅಡ್ಡ ಬಂದದ್ದು ಮೈಲಿಗೆ. ನಾನು ಮುಟ್ಟಿದ ಕಾಯನ್ನು ಅವರು ಮುಟ್ಟುವುದು ಹೇಗೆ? ಶಾಸ್ತ್ರ ಬಲ್ಲ ಆಚಾರ್ಯರೊಬ್ಬರಿಗೆ ಫೋನು ಹಚ್ಚಿ, ಪ್ಲಾಸ್ಟಿಕ್ಕಿಗೆ ಮೈಲಿಗೆ ಹತ್ತುತ್ತದೆಯೇ ಎಂದು ಕೇಳಿದರು. ಅವರು ಬಕೆಟ್ಟಿನ ಸಂಗತಿ ಇರಬೇಕೆಂದುಕೊಂಡು, ಈ ಕಾಲದಲ್ಲಿ ಅಷ್ಟೆಲ್ಲ ನೋಡುವುದು ಬೇಡ, ಒಂದು ಹನಿ ನೀರು ಪ್ರೋಕ್ಷಣೆ ಮಾಡಿದರೆ ಸಾಕು ಎಂದರು. ಯಾತಕ್ಕೆ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹಾಗೆ ಒಂದು ಹನಿ ನೀರಿನಿಂದ ರೆಕ್ಕೆಯ ಹಾವು, ಮಾಟಗಾತಿ, ಮುಂಡವಿಲ್ಲದ ರುಂಡಗಳೆಲ್ಲ ನಮ್ಮ ಮನೆಯಲ್ಲಿ ಶುದ್ಧವಾದವು. ಉಳಿದದ್ದು ಕಾಗದದ ಚೀಟಿಗಳು. ಅವನ್ನು ಅತ್ತೆ ಒಲೆಯ ಇಕ್ಕಳದಿಂದ ಎತ್ತುತ್ತಿದ್ದರು. ಎತ್ತಿ ನನ್ನ ಕಡೆ ತಿರುಗಿಸಿ ಹಿಡಿಯುತ್ತಿದ್ದರು, ನಾನು ಓದಿ ಕನ್ನಡದಲ್ಲಿ ಹೇಳಬೇಕು. ಒಂದು ಹಲಗೆಯ ಮೇಲೆ ನಕ್ಷೆ, ಹಲಗೆ ಹೊಸ್ತಿಲಿನ ಹೊರಗೆ ನನ್ನ ಕೋಣೆಯಲ್ಲಿ, ಅತ್ತೆ ಒಳಗೆ ಮನೆಯ ಕಡೆ.

ಅವರು ತಮಗೆಂದು ಆರಿಸಿಕೊಂಡದ್ದು ರಾಕ್ಷಸನನ್ನು. ಬಿಳಿಯ ನಿಲುವಂಗಿಯ ಸಾಧು ಇದ್ದ, ರಾಜಕುಮಾರಿ ಇದ್ದಳು. ಅವರೆಲ್ಲ ಉಪವಾಸ ಬಿದ್ದವರ ಹಾಗಿದ್ದಾರೆ, ಇವನ ಮೈಕಟ್ಟು ಚೆನ್ನಾಗಿದೆ ಎಂದರು. ಆದರೆ ಅವರ ಕೈಗೆ ಬಂದ ಮೇಲೆ ಆ ರಾಕ್ಷಸನ ಪಾಡು ಕೇಳಬೇಡಿ. ಕಾಡಿನಲ್ಲಿ ಮಾಂಸದ ಚೀಟಿ ಸಿಕ್ಕಿದರೆ ಶಕ್ತಿಯ ಬಿಲ್ಲೆ ಒಂದು ಹೆಚ್ಚುತ್ತದೆ. ಅತ್ತೆ ಅದನ್ನು ಇಕ್ಕಳದಲ್ಲಿ ಹಿಡಿದು ಹಾಗೇ ಕೆಳಗಿಡುತ್ತಿದ್ದರು. ಹೆಂಡದಂಗಡಿಯ ಮನೆಗೆ ಬಂದರೆ ದಾಳದಲ್ಲಿ ಒಂದು ಕಡಿಮೆ ಎಣಿಸಿ ಹಿಂದೆಯೇ ನಿಲ್ಲುತ್ತಿದ್ದರು. ಏಕಾದಶಿ ಬಂದರೆ ರೊಟ್ಟಿಯ ಚೀಟಿಯೂ ಇಲ್ಲ. ಇಷ್ಟಾದರೂ ನನ್ನ ಕುಳ್ಳ ತಿಂದುಂಡು ಕೊಬ್ಬಿ ಹೊರಟಾಗಲೆಲ್ಲ ಆ ಸಾತ್ವಿಕ ರಾಕ್ಷಸ ಹೊಳೆಯ ದಂಡೆಯಲ್ಲಿ ಹೊಂಚುಹಾಕಿ ನಿಂತಿರುತ್ತಿದ್ದ. ಹೊಡೆದಾಟದಲ್ಲಿ ಅತ್ತೆ ದಯೆ ದಾಕ್ಷಿಣ್ಯ ಅರಿಯದವರು. ನನ್ನನ್ನು ಕೆಸರಿಗೆ ಕೆಡವಿ, ಪಾಪ ಎಂದು ನಿಜವಾಗಿಯೂ ಮರುಗಿ, ದೀಪ ಕಸಿದುಕೊಳ್ಳುತ್ತಿದ್ದರು.

ಮೂರು ದಿನ ಮುಗಿದು ನನ್ನ ತಲೆಸ್ನಾನವಾದರೆ ಆಟ ನಿಲ್ಲುತ್ತಿತ್ತು. ಕಾಯಿಗಳು ನಿಂತಲ್ಲೇ ಇರುವಂತೆ ಹಲಗೆಯನ್ನು ಆ ಕೋಣೆಯ ಮಂಚದ ಕೆಳಗೆ ಸರಿಸಿ ಹಳೆಯ ಸೀರೆ ಮುಚ್ಚುತ್ತಿದ್ದೆವು. ನಡುವಿನ ದಿನಗಳಲ್ಲಿ ಆಡಬಾರದೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಆದರೆ ಒಳಗಿರುವ ಸೊಸೆಗೆ ಕೆಲಸವಿರುತ್ತದೆ, ಮಡಿಯ ಅತ್ತೆಗೆ ಪೂಜೆಯಿರುತ್ತದೆ, ಕೆಲಸವಿರುವ ಹೆಂಗಸರು ಕೂತು ಆಡಿದರೆ ನೋಡಿದವರು ಏನೆಂದಾರು? ಇಡೀ ಮನೆಯಲ್ಲಿ ಬಿಡುವಾಗಿರುವ ಹಕ್ಕು ಇದ್ದದ್ದು ಹೊರಗೆ ಕೂತವಳಿಗೆ ಮಾತ್ರ. ಅತ್ತೆ ಆ ಹಕ್ಕಿನಲ್ಲಿ ಪಾಲು ತೆಗೆದುಕೊಂಡಿದ್ದರು. ಬೆಳಿಗ್ಗೆ ನಾನು ಚಾಪೆ ಎತ್ತಿಕೊಂಡು ಕೋಣೆಗೆ ಹೋಗುವುದನ್ನು ಕಂಡರೆ ಅವರ ನಡೆಯೇ ಬದಲಾಗುತ್ತಿತ್ತು. ಸಾರು ಕುದಿಯುವ ಮೊದಲೇ ಇಕ್ಕಳ ತಂದು ಹೊಸ್ತಿಲ ಹತ್ತಿರ ಇಡುತ್ತಿದ್ದರು. ಒಮ್ಮೆ ಅವರ ನಾದಿನಿ ಬಂದು ಮಂಚದ ಕೆಳಗೆ ಇಣುಕಿ ಇದೇನೆಂದು ಕೇಳಿದಾಗ, ಮೊಮ್ಮಗಳ ಆಟದ ಸಾಮಾನು ಎಂದುಬಿಟ್ಟರು. ಆಗ ಮೊಮ್ಮಗಳು ಹುಟ್ಟಿರಲೇ ಇಲ್ಲ.

ಇಂಥ ಆಟಗಳ ಬಗ್ಗೆ ಈಗ ಜನ ಉದ್ದುದ್ದ ಬರೆಯುತ್ತಾರಂತೆ, ಯಾಕೆ ಇವು ಹಳೆಯದಾಗುವುದಿಲ್ಲ ಎಂದು. ನನಗೆ ತಿಳಿದದ್ದಿಷ್ಟು. ಅದರಲ್ಲಿ ಬುದ್ಧಿಗಿಂತ ದಾಳವೇ ಹೆಚ್ಚು, ಹಾಗಾಗಿ ಸೋತರೂ ಮುಖಭಂಗವಿಲ್ಲ. ಮತ್ತೆ, ಅದು ಬೇಗ ಮುಗಿಯುವುದಿಲ್ಲ. ಮುಂದಿನ ಸಲ ಕೂತಾಗ ಕೆಸರಿನಿಂದ ಏಳಬೇಕು, ಹೊಳೆಗೆ ತೆಪ್ಪ ಹುಡುಕಬೇಕು ಎಂದು ಒಗ್ಗರಣೆ ಹಾಕುವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ. ಹೊರಗೆ ಜನ ಆರು ತಿಂಗಳಿಗೆ ಸಾಹುಕಾರರಾಗುತ್ತಿದ್ದಾಗ ನಮ್ಮ ರಾಕ್ಷಸ ಆರು ತಿಂಗಳಿಗೆ ಒಂದು ಸೇತುವೆ ದಾಟಿದ್ದ. ಯಾರ ಪ್ರಗತಿ ಹೆಚ್ಚು ಗಟ್ಟಿಯಾಗಿತ್ತು ಎಂಬುದು ಆಮೇಲೆ ಗಣಿಗಳೆಲ್ಲ ಬಾಗಿಲು ಹಾಕಿದಾಗ ಎದುರು ಮನೆಯವರಿಗೂ ತಿಳಿಯಿತು.

ಆಟದ ಎರಡನೆಯ ವರ್ಷದ ಬೇಸಿಗೆಯಲ್ಲಿ ಬಿ.ಎಡ್. ಗೆಳತಿಯೊಬ್ಬಳು ಒಂದು ಸುದ್ದಿ ತಂದಳು. ದೋಣಿಮಲೈ ದಾರಿಯ ಗಣಿ ಟೌನ್‌ಶಿಪ್ಪೊಂದರ ಶಾಲೆಗೆ ವಿಜ್ಞಾನ ಹೇಳಿಕೊಡುವವರು ಬೇಕಾಗಿದ್ದಾರೆ, ಬೆಳಿಗ್ಗೆ ಸ್ಟಾಫ್ ಬಸ್ಸು ನಮ್ಮ ಬೀದಿಯ ಮೂಲೆಗೇ ಬರುತ್ತದೆ. ಹೋಗಿ ಸಂದರ್ಶನ ಕೊಟ್ಟು ಬಂದೆ. ಆಯ್ಕೆಯೂ ಆಯಿತು. ಆ ಕೆಲಸ ನನಗೆ ಬೇಕಾಗಿತ್ತು. ಸಂಬಳಕ್ಕಲ್ಲ ಎಂದರೆ ಸುಳ್ಳಾದೀತು, ಆದರೆ ಅದಕ್ಕಷ್ಟೇ ಅಲ್ಲ. ಊರಿಗೆ ಊರೇ ಕಬ್ಬಿಣ ಕಬ್ಬಿಣ ಎಂದು ಕುಣಿಯುತ್ತಿದ್ದಾಗ, ಕಬ್ಬಿಣ ಯಾಕೆ ಕೆಂಪಾಗುತ್ತದೆ ಎಂದು ಹೇಳಬಲ್ಲ ನಾನು ಕಂಬಳಿ ಹೊದ್ದು ಕೋಣೆಯಲ್ಲಿ ಕೂತಿದ್ದೆ. ಓದಿದ್ದು ಒಂದೊಂದಾಗಿ ಮರೆತುಹೋಗುತ್ತಿತ್ತು. ಒಂದು ದಿನ ಸುಲಭದ ಸಮೀಕರಣವೊಂದು ನೆನಪಾಗದೆ, ಹಿತ್ತಲಲ್ಲಿ ಪಾತ್ರೆ ಮುಂದಿಟ್ಟುಕೊಂಡು ಅತ್ತಿದ್ದೆ.

ಗಂಡ ಅಮ್ಮನನ್ನು ಕೇಳು ಎಂದರು. ಕಾಲುವೆಯ ನೀರಿನ ವಿಷಯದಲ್ಲಿ ಅವರು ದಿನಕ್ಕೆ ಹತ್ತು ನಿರ್ಧಾರ ತೆಗೆದುಕೊಳ್ಳುತ್ತಿದ್ದರು, ಮನೆಗೆ ಬರುವಷ್ಟರಲ್ಲಿ ಎಲ್ಲ ಖರ್ಚಾಗಿರುತ್ತಿತ್ತು. ಅತ್ತೆಯನ್ನು ಕೇಳಿದೆ. ಅವರು ಬೈಯಲಿಲ್ಲ, ಸಿಟ್ಟಾಗಲಿಲ್ಲ. ಓದಿದ ಹುಡುಗಿ ನೌಕರಿ ಮಾಡುವುದು ಒಳ್ಳೆಯದೇ ಎಂದರು. ಆದರೆ ಹೊರಗೆ ಕೂಡುವ ದಿನಗಳಲ್ಲಿ ಬಸ್ಸಿನಲ್ಲಿ ಹತ್ತು ಜನರ ನಡುವೆ ಹೋಗಿ, ಶಾಲೆಯಲ್ಲಿ ಪುಸ್ತಕ ಮುಟ್ಟಿ ಬರುವುದು ಈ ಮನೆಯಲ್ಲಿ ಆಗದ ಮಾತು, ಶಾಲೆಯವರು ಆ ದಿನಗಳಿಗೆ ರಜೆ ಕೊಡುವುದಾದರೆ ಹೋಗು ಎಂದರು. ಯಾವ ಶಾಲೆ ಕೊಡುತ್ತದೆ? ಬೆಣ್ಣೆಯಲ್ಲಿಯ ಕೂದಲು ಎಳೆದಂತೆ ನನ್ನ ನೌಕರಿಯನ್ನು ಎಳೆದು ಹಾಕಿ, ಅವರು ದೇವರ ಪಾತ್ರೆ ತಿಕ್ಕಲು ಹೋದರು.

ಆ ವಾರವೇ ಹೊರಗಾದೆ. ಶಾಲೆಗೆ ಉತ್ತರ ಕೊಡಲು ಆ ವಾರವೇ ಕೊನೆ. ಹಲಗೆಯ ಮೇಲೆ ಆಟ ಭಾರಿ ರಂಗಿಗೆ ಬಂದು ನಿಂತಿತ್ತು. ನನ್ನ ಕುಳ್ಳ ದೀಪ ತೆಗೆದುಕೊಂಡು ಬೆಟ್ಟ ಇಳಿದಿದ್ದ, ಅತ್ತೆಯ ರಾಕ್ಷಸ ಹೊಳೆಯ ಹತ್ತಿರ ಕಾಯುತ್ತಿದ್ದ. ಅತ್ತೆ ಇಕ್ಕಳದೊಂದಿಗೆ ಬಂದು ಕೂತು, ತಮ್ಮ ದಾಳ ಹಾಕಿ, ಕಾಯಿ ನಡೆಸಿ, ಇನ್ನು ನಿನ್ನದು ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ತುಂಬ ಹೊತ್ತು ಕೂತು, ಎದ್ದು ಹೋದರು. ಎರಡನೆಯ ದಿನವೂ ಬಂದು ಕೂತರು. ಎಷ್ಟು ಬತ್ತಿ ಹೊಸೆದರೋ, ಮನೆಯ ದೇವರಿಗೆ ಒಂದು ವರ್ಷಕ್ಕಾಗುವಷ್ಟು. ಕಾಯಿ ಮಾತ್ರ ಮುಟ್ಟಲಿಲ್ಲ. ಇನ್ನೊಬ್ಬರ ಪಾಳಿ ತಾವು ಆಡುವವರಲ್ಲ ಅವರು. ಕೊನೆಗೆ ಮೆಲ್ಲಗೆ, ಹೊತ್ತಾಯ್ತು ನೋಡು ಎಂದರು.

ನಾನು ತಿರುಗದೆಯೇ ಹೇಳಿದೆ, “ನನ್ನ ಪಾಳಿನೂ ನೀವ ಆಡ್ರಿ ಅತ್ತಿಯವ್ರ. ನನ್ನ ನೌಕರಿ ಪಾಳಿ ಹ್ಯಾಂಗೂ ನೀವ ಆಡಿಬಿಟ್ಟೀರಿ. ಇದೇನ ದೊಡ್ಡದಲ್ಲ.”

ಮದುವೆಯಾಗಿ ಬಂದ ಮೇಲೆ ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಹೊಸೆದ ಬತ್ತಿ ಎತ್ತಿಕೊಂಡರು. ಇಕ್ಕಳ ಅಲ್ಲೇ ಬಿಟ್ಟು ಒಳಗೆ ಹೋದರು. ಆ ದಿನ ಅಡುಗೆಮನೆಯಿಂದ ಪಾತ್ರೆಯ ಸದ್ದು ಕೂಡ ಕೇಳಲಿಲ್ಲ. ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳುವ ಮನಸ್ಸು ನನಗಾಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಬೀದಿಯ ತುದಿಯಲ್ಲಿ ಲಾರಿಗಳು ಹೊರಟವೆಂದು ಕಾಣುತ್ತದೆ, ಕೆಂಪು ಧೂಳು ಕಿಟಕಿಯಿಂದ ನುಗ್ಗಿ ಚೀಟಿಗಳೆಲ್ಲ ಕೋಣೆಯ ತುಂಬ ಹಾರಿದವು. ಅತ್ತೆ ಒಳಗಿನಿಂದ ಓಡಿ ಬಂದರು. ಇಕ್ಕಳದಿಂದ ಒಂದು ಹಿಡಿಯುವಷ್ಟರಲ್ಲಿ ಎರಡು ಹಾರುತ್ತಿದ್ದವು. ಇಕ್ಕಳ ಬಿಸಾಕಿದರು. ಹೊಸ್ತಿಲು ದಾಟಿ, ಮಂಡಿಯೂರಿ, ಎರಡೂ ಕೈಯಿಂದ ಬಾಚಿ ಬಾಚಿ ಚೀಟಿ ಆರಿಸತೊಡಗಿದರು. ನನ್ನ ಮಂಡಿಗೆ ಅಂಟಿ ಬಿದ್ದಿದ್ದ ಒಂದನ್ನೂ ತೆಗೆದುಕೊಂಡರು. ಎಲ್ಲ ಕಂತೆ ಕಟ್ಟಿ, ಕಾಯಿಗಳು ಅಲುಗಿಲ್ಲವೆಂದು ನೋಡಿ, ನನ್ನ ಚಾಪೆಯ ಅಂಚಿನಲ್ಲಿ ಕೂತು ಉಸಿರು ತೆಗೆದುಕೊಂಡರು.

“ಆ ಬಸ್ಸು ತಿರುಗಿ ಎಷ್ಟೊತ್ತಿಗೆ ಬರತದ?” ಎಂದರು.

ನಾಲ್ಕೂವರೆಗೆ ಮೂಲೆಯಲ್ಲಿ ಇಳಿಸುತ್ತದೆ ಎಂದೆ. ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. ಕೈಕಾಲು ತೊಳೆದು, ಕಾಫಿ ಕುಡಿದು, ದೇವರ ದೀಪ ಹಚ್ಚುವ ತನಕ ಒಂದು ತಾಸಾದರೂ ಸಿಗುತ್ತದೆ, ದಿನಾಲೂ ಆಡಬಹುದು ಎಂದರು. ದಿನಾಲೂ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದನ್ನು ನಂಬಲು ಹೆದರಿಕೆಯಾಯಿತು.

“ಮತ್ತ ನಾ ಹೊರಗ ಕೂತಾಗ?” ಎಂದೆ.

“ಹೊರಗ ಧೂಳು ಭಾಳ ಅದ,” ಎಂದರು ಅತ್ತೆ. “ಇಲ್ಲೆ ಕಾಗದ ನಿಲ್ಲಂಗಿಲ್ಲ. ಒಳಗ ಹಾಕೋಣ. ಆ ಕಡಿ ನೀ ಹಿಡಿ, ಅಲುಗಸಬ್ಯಾಡ.”

ಅವರು ಹಲಗೆಯ ಒಂದು ತುದಿ ಹಿಡಿದರು, ನಾನು ಇನ್ನೊಂದು. ಅದು ಕಟ್ಟಿಗೆಯ ಹಲಗೆ. ಪ್ಲಾಸ್ಟಿಕ್ಕಿನ ರಿಯಾಯಿತಿ ಅದಕ್ಕಿರಲಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಹಾಲಿಗೆ ಬಂದು ಅದನ್ನು ನೆಲಕ್ಕಿಳಿಸಿದೆವು. ನನ್ನ ತುದಿ ಸ್ವಲ್ಪ ವಾಲಿ, ಮೂಲೆಯ ಊರಿನಲ್ಲಿ ಸುಮ್ಮನೆ ನಿಂತಿದ್ದ ಸಾಧು ಮಗುಚಿ ಬಿದ್ದ. ಅತ್ತೆ ಗದರಿ ಅವನನ್ನು ಎತ್ತಿ ನಿಲ್ಲಿಸಿದರು. ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಾನು ದಾಳ ಹಾಕಿದೆ. ಅವರ ರಾಕ್ಷಸ ಮೇಲೆ ಬಿದ್ದು ನನ್ನ ದೀಪ ಕಸಿದುಕೊಂಡ. ಅದರಲ್ಲಿ ಅವರು ಏನೂ ರಿಯಾಯಿತಿ ತೋರಿಸಲಿಲ್ಲ. ದೊಡ್ಡ ದೊಡ್ಡವರು ಭಾಷಣ ಮಾಡಿ, ಪುಸ್ತಕ ಬರೆದು ಅಲುಗಿಸಲಾಗದ್ದನ್ನು ಕೋರೆಹಲ್ಲಿನ ಒಂದು ಪ್ಲಾಸ್ಟಿಕ್ ಗೊಂಬೆ ಅಲುಗಿಸಿತ್ತು. ಅತ್ತೆ ನನ್ನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದರೋ, ಆಟದ ಮೇಲಿನ ಆಸೆಯಿಂದ ಮಾಡಿದರೋ ನಾನು ಎಂದೂ ಕೇಳಲಿಲ್ಲ. ಎರಡೂ ಒಂದೇ ಆಗಿರಬಹುದು ಎಂದು ಈಗ ಅನಿಸುತ್ತದೆ.

ಗಂಡ ಆಫೀಸಿನಿಂದ ಬಂದು, ಹಾಲಿನ ನಡುವೆ ಹಾಸಿದ್ದ ನಕ್ಷೆಯನ್ನು ಸುತ್ತುಬಳಸಿ ದಾಟಿ ಹೋದರು. ಊಟಕ್ಕೆ ಕೂತಾಗ ಅತ್ತೆ, ಇವಳು ಸೋಮವಾರದಿಂದ ಶಾಲೆಗೆ ಹೋಗುತ್ತಾಳೆ ಎಂದು ತಿಳಿಸಿದರು. ಅವರು ತಲೆ ಎತ್ತಿ ಅಮ್ಮನನ್ನು ನೋಡಿದರು. ಆಮೇಲೆ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತಿದ್ದ ನನ್ನನ್ನು ನೋಡಿದರು. ಅವರ ಮುಖದಲ್ಲಿ ಗಾಬರಿಯಿತ್ತು, ಲೆಕ್ಕ ತಪ್ಪಿ ತೂಬು ಎತ್ತಿದವರ ಹಾಗೆ.

“ಅಮ್ಮ, ಮತ್ತ ಆ ಮೂರು ದಿನ?” ಎಂದರು.

ಅತ್ತೆ ನನ್ನ ಎಲೆಗೆ ಅನ್ನ ಬಡಿಸುತ್ತಿದ್ದರು. ಆ ದಿನಗಳಲ್ಲಿ ನನಗೆ ಅನ್ನ ಯಾವಾಗಲೂ ಮೇಲಿನಿಂದ, ಸೌಟು ತಾಗದಂತೆ ಬೀಳುತ್ತಿತ್ತು. ಈಗ ಅವರು ಬಗ್ಗಿ, ಸೌಟನ್ನು ಎಲೆಗೆ ಊರಿ ಬಡಿಸಿದರು.

“ಯಾವ ಮೂರು ದಿನ?” ಎಂದು ಕೇಳಿ, ಅದೇ ಸೌಟಿನಿಂದ ಮಗನಿಗೂ ಅನ್ನ ಹಾಕಿದರು.